ಆರ್ಗಾನ್ ವೆಲ್ಡರ್ ಮನೆಬಾಗಿಲಿಗೆ ಬರುವ ಮುಂಚೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಷಿನ್, ಸಿಲಿಂಡರ್ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ನಾವಿದ್ದಲ್ಲಿಗೇ ಬಂದು ಅಲ್ಯೂಮಿನಿಯಂ ಬೆಸೆದುಕೊಡುವ ವೆಲ್ಡರ್‌ಗಳನ್ನು ಕರೆಸುವ ಬಗ್ಗೆ ಹಲವು ಪತ್ರಗಳು ಬಂದಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ಪಿಕಪ್ ವಾಹನದ ನೆಲಕ್ಕೆ ಹಾಕಿಸಿದ ಅಲ್ಯೂಮಿನಿಯಂ ಚೆಕರ್ ಪ್ಲೇಟ್ ಎರಡು ಕಡೆ ಸೀಳಿದೆ. ಊರಿನಲ್ಲೇ ಗೇಟು, ಗ್ರಿಲ್ ಮಾಡುವ ಒಳ್ಳೆಯ ವೆಲ್ಡರ್ ಇದ್ದಾರೆ. ಅಲ್ಯೂಮಿನಿಯಂ ರಾಡ್ ತಂದರೆ ತಮ್ಮ ಮಷಿನ್‌ನಲ್ಲೇ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ? (ಹಾಸನ)

ಉತ್ತರ: ಬೇಡ. ಅವರ ಕೈ ಚೆನ್ನಾಗಿಲ್ಲ ಎಂದಲ್ಲ, ಕಬ್ಬಿಣದಲ್ಲಿ ಪಳಗಿದ ಕಣ್ಣಿಗೆ ಅಲ್ಯೂಮಿನಿಯಂ ಸುಳಿವು ಕೊಡುವುದಿಲ್ಲ. ಕಬ್ಬಿಣ ಕಾಯುತ್ತಾ ಕೆಂಪಾಗುತ್ತದೆ, ಹಳದಿಯಾಗುತ್ತದೆ, ಆಮೇಲೆ ಕರಗುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸದೆ 660 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಮ್ಮೆಲೇ ಕುಸಿಯುತ್ತದೆ. ಅದರ ಮೈಮೇಲಿರುವ ಆಕ್ಸೈಡ್ ಪದರಕ್ಕೆ ಮಾತ್ರ ಕರಗಲು 2000 ಡಿಗ್ರಿಗೂ ಮೀರಿದ ಕಾವು ಬೇಕು. ಒಳಗಿನ ಲೋಹ ನೀರಾಗಿದ್ದರೂ ಮೇಲಿನ ಸಿಪ್ಪೆ ಹಾಗೇ ನಿಂತಿರುತ್ತದೆ. ಆ ಸಿಪ್ಪೆಯನ್ನು ಒಡೆಯದೆ ರಾಡ್ ಒತ್ತಿದರೆ ಎರಡೂ ಅಂಚುಗಳು ಅಕ್ಕಪಕ್ಕ ಅಂಟಿ ಕೂರುತ್ತವೆಯೇ ಹೊರತು ಒಂದಾಗುವುದಿಲ್ಲ. ನೋಡಲು ಬೆಸುಗೆ, ಬಗ್ಗಿಸಿದರೆ ಬಿರುಕು.

ಫ್ಲಕ್ಸ್ (ಆಕ್ಸೈಡನ್ನು ಬಿಡಿಸುವ ರಾಸಾಯನಿಕ ಲೇಪ) ಹಚ್ಚಿದ ಅಲ್ಯೂಮಿನಿಯಂ ರಾಡ್ ಮಾರುಕಟ್ಟೆಯಲ್ಲಿ ಸಿಗುವುದು ನಿಜ. ಅದಕ್ಕೆ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಮಷಿನ್ ಬೇಕು, ರಾಡ್ ಬಹಳ ಬೇಗ ಉರಿದುಹೋಗುತ್ತದೆ, ಫ್ಲಕ್ಸ್ ಗಾಳಿಯ ತೇವ ಹೀರಿ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಸುಗೆಯ ಮೇಲೆ ಉಳಿದ ಫ್ಲಕ್ಸ್‌ನ ಹರಳನ್ನು ಬಿಸಿನೀರು ಹಾಕಿ ಉಜ್ಜಿ ಪೂರ್ತಿ ತೊಳೆಯದಿದ್ದರೆ ಅದು ಲೋಹವನ್ನೇ ತಿನ್ನುತ್ತಾ ಹೋಗುತ್ತದೆ. ವಾಹನದ ನೆಲದ ಅಡಿಭಾಗವನ್ನು ಹಾಗೆ ತೊಳೆಯುವವರು ಯಾರು?

ನಿಮಗೆ ಬೇಕಿರುವುದು ನಮ್ಮ ಕಡೆ ಎಲ್ಲರೂ 'ಆರ್ಗಾನ್ ವೆಲ್ಡಿಂಗ್' ಎನ್ನುವ ಟಿಗ್ ವೆಲ್ಡಿಂಗ್, ಅಂದರೆ ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ (ವಿದ್ಯುತ್ ಕಿಡಿ) ಹಚ್ಚಿ, ಆರ್ಗಾನ್ ಗ್ಯಾಸಿನ ಹೊದಿಕೆಯಲ್ಲಿ ಬೆಸೆಯುವ ವಿಧಾನ. ಅದರಲ್ಲೂ ಎ.ಸಿ. ಟಿಗ್. ಕರೆಂಟು ದಿಕ್ಕು ಬದಲಿಸುವಾಗ ಒಂದು ಅರ್ಧ ಆಕ್ಸೈಡ್ ಸಿಪ್ಪೆಯನ್ನು ಸೀಳುತ್ತದೆ, ಇನ್ನೊಂದು ಅರ್ಧ ಲೋಹಕ್ಕೆ ಕಾವು ಕೊಡುತ್ತದೆ. ಮಷಿನ್ ಮೇಲೆ 'ಟಿಗ್' ಎಂದು ಬರೆದಿದ್ದರೆ ಸಾಲದು. ಸಣ್ಣ ಇನ್ವರ್ಟರ್ ಮಷಿನ್‌ಗಳಲ್ಲಿ ಹೆಚ್ಚಿನವು ಡಿ.ಸಿ. ಟಿಗ್ ಮಾತ್ರ ಕೊಡುತ್ತವೆ. ಸ್ಟೀಲಿಗೆ ಅವು ಸರಿ, ಅಲ್ಯೂಮಿನಿಯಂಗೆ ಆಗುವುದಿಲ್ಲ.

ಪ್ರಶ್ನೆ: ಫೋನ್ ಮಾಡಿ ವೆಲ್ಡರ್‌ನನ್ನು ಕರೆಸುವಾಗ ಏನೇನು ಕೇಳಬೇಕು? ನಮ್ಮ ಕಡೆಯಿಂದ ಏನು ಸಿದ್ಧವಿರಬೇಕು? (ತುಮಕೂರು)

ಉತ್ತರ: ಮೊದಲು ನೀವು ಹೇಳಬೇಕಾದದ್ದನ್ನು ಹೇಳಿ. ವಸ್ತು ತಗಡೋ, ಪೈಪೋ, ಎರಕ ಹೊಯ್ದದ್ದೋ? ದಪ್ಪ ಎಷ್ಟು ಮಿಲಿಮೀಟರ್? ಬಿರುಕು ಎಷ್ಟು ಉದ್ದ? ಮೈಮೇಲೆ ಬಣ್ಣ, ಪೌಡರ್ ಕೋಟಿಂಗ್, ಆನೊಡೈಸಿಂಗ್ (ಬೇಕೆಂದೇ ಬೆಳೆಸಿದ ಆಕ್ಸೈಡ್ ಪದರ) ಇದೆಯೇ? ಹಿಂದೆ ಯಾರಾದರೂ ಬೆಸೆದಿದ್ದರೇ, ಎಂ-ಸೀಲ್ ಮೆತ್ತಿದ್ದರೇ? ಸ್ಕೇಲ್ ಪಕ್ಕದಲ್ಲಿಟ್ಟು ಮೂರು ಫೋಟೊ ಕಳುಹಿಸಿ: ದೂರದಿಂದ ಒಂದು, ಹತ್ತಿರದಿಂದ ಒಂದು, ಹಿಂಬದಿಯಿಂದ ಒಂದು. ಹಿಂಬದಿಗೆ ಕೈ ಹೋಗುತ್ತದೋ ಇಲ್ಲವೋ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ.

ಆಮೇಲೆ ಕೇಳಿ: ಮಷಿನ್ ಎ.ಸಿ./ಡಿ.ಸಿ. ಎರಡೂ ಇರುವುದೇ, ಎಷ್ಟು ಆಂಪಿಯರ್‌ನದು? ಟಿಗ್‌ನಲ್ಲಿ ಅಲ್ಯೂಮಿನಿಯಂನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಬೇಕೆಂಬುದು ಕೆಲಸಗಾರರ ಲೆಕ್ಕ. 3 ಮಿ.ಮೀ. ತಗಡಿಗೆ 120 ಆಂಪಿಯರ್, 5 ಮಿ.ಮೀ. ದಪ್ಪಕ್ಕೆ 200ರ ಹತ್ತಿರ. ಅಲ್ಯೂಮಿನಿಯಂ ಕಾವನ್ನು ಕಬ್ಬಿಣಕ್ಕಿಂತ ಹಲವು ಪಟ್ಟು ವೇಗವಾಗಿ ಸುತ್ತಲೂ ಹರಡಿಬಿಡುವುದರಿಂದ, ಸಣ್ಣ ಮಷಿನ್ ದಪ್ಪ ತುಂಡಿನ ಮುಂದೆ ಸೋಲುತ್ತದೆ.

ಕರೆಂಟಿನ ವಿಚಾರ ಇಲ್ಲೇ ಬರುತ್ತದೆ. ಮನೆಯ 16 ಆಂಪಿಯರ್ ಸಾಕೆಟ್ ಹೆಚ್ಚೆಂದರೆ ಮೂರೂವರೆ ಕಿಲೋವಾಟ್ ಕೊಡುತ್ತದೆ. 3 ಮಿ.ಮೀ. ಒಳಗಿನ ಕೆಲಸಕ್ಕೆ ವೈರಿಂಗ್ ಗಟ್ಟಿಯಿದ್ದರೆ ಅದು ಸಾಕು. 200 ಆಂಪಿಯರ್ ಓಡಿಸಬೇಕೆಂದರೆ ಸಾಲುವುದಿಲ್ಲ, ಸುಮಾರು 8 ಕೆ.ವಿ.ಎ. ಜನರೇಟರ್ ಬೇಕು. ಅದನ್ನು ತರುವವರು ಯಾರು, ಡೀಸೆಲ್ ಯಾರದು ಎಂದು ಮೊದಲೇ ಮಾತಾಡಿ. ತೋಟದ ಮನೆಯಲ್ಲಿ ಸಂಜೆ ವೋಲ್ಟೇಜ್ ಕುಸಿಯುವುದಿದ್ದರೆ ಬೆಳಗ್ಗೆಯೇ ಬರಹೇಳಿ. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಕೊಡಬೇಡಿ. ದೂರ ಎಳೆಯಬೇಕಿದ್ದರೆ ಕನಿಷ್ಠ 4 ಚದರ ಮಿ.ಮೀ. ತಾಮ್ರದ ಕೇಬಲ್ ಇರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ.

ಗ್ಯಾಸ್ ಲೆಕ್ಕ ಗೊತ್ತಿದ್ದರೆ ಬಿಲ್ ಅರ್ಥವಾಗುತ್ತದೆ. 10 ಲೀಟರ್ ಗಾತ್ರದ ಸಣ್ಣ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್ ಆರ್ಗಾನ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ ಆರ್ಕ್ ಉರಿಸಬಹುದು. ಅಂಗೈ ಉದ್ದದ ಬಿರುಕಿಗೆ ಆರ್ಕ್ ಉರಿಯುವುದು ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಉಜ್ಜುವುದಕ್ಕೇ ಹೋಗುತ್ತದೆ. ಹಾಗಾಗಿ 'ಇಂಚಿಗೆ ಇಷ್ಟು' ಎಂಬ ದರಕ್ಕಿಂತ 'ಬಂದುಹೋಗುವುದಕ್ಕೆ ಇಷ್ಟು, ಗಂಟೆಗೆ ಇಷ್ಟು, ಶುಚಿ ಮಾಡುವುದೂ ಸೇರಿ' ಎಂಬ ಮಾತು ಇಬ್ಬರಿಗೂ ಒಳ್ಳೆಯದು. ಇಂಚಿನ ಲೆಕ್ಕದಲ್ಲಿ ಬಂದವರಿಗೆ ಉಜ್ಜುವ ಹೊತ್ತು ನಷ್ಟವಾಗಿ ಕಾಣುತ್ತದೆ, ಅದನ್ನೇ ಮೊದಲು ಕತ್ತರಿಸುತ್ತಾರೆ. ಅಲ್ಯೂಮಿನಿಯಂ ಕೆಲಸ ಕೆಡುವುದೂ ಅಲ್ಲೇ.

ಬಂದವರು ಸಿಲಿಂಡರ್ ಇಳಿಸಿದಾಗ ನೋಡಿ: ನಮ್ಮ ದೇಶದಲ್ಲಿ ಆರ್ಗಾನ್ ಸಿಲಿಂಡರಿನ ಬಣ್ಣ ನೀಲಿ. ಕಬ್ಬಿಣದ ಮಿಗ್ (ತಂತಿಯೇ ಕರಗಿ ತುಂಬುವ ವೆಲ್ಡಿಂಗ್) ಕೆಲಸಕ್ಕೆ ಬಳಸುವ ಕಾರ್ಬನ್ ಡೈಆಕ್ಸೈಡ್ ಆಗಲಿ, ಅದರ ಮಿಶ್ರಣವಾಗಲಿ ಅಲ್ಯೂಮಿನಿಯಂಗೆ ನಡೆಯದು. ಕೆಲಸದ ಜಾಗದಲ್ಲಿ ಗಾಳಿ ಬೀಸದಂತೆ ಮೂರು ಕಡೆ ಟಾರ್ಪಾಲಿನ್ ಕಟ್ಟಿಡಿ. ಬಾಳೆ ಎಲೆ ಅಲುಗುವಷ್ಟು ಗಾಳಿಗೂ ಆರ್ಗಾನ್ ಹೊದಿಕೆ ಹಾರಿಹೋಗುತ್ತದೆ. ಗಾಳಿಯಿದೆ ಎಂದು ಗ್ಯಾಸ್ ಜಾಸ್ತಿ ತಿರುಗಿಸಿದರೆ ಸುಳಿ ಎದ್ದು ಹೊರಗಾಳಿಯೇ ಒಳಗೆ ಸೇರುತ್ತದೆ. ಮಕ್ಕಳನ್ನು ದೂರ ಇರಿಸಿ. ಅಲ್ಯೂಮಿನಿಯಂ ಮೈಯಿಂದ ಪುಟಿಯುವ ಆರ್ಕ್ ಬೆಳಕು ಗೋಡೆಯ ಮೇಲೆ ಬಿದ್ದು ಮರಳಿದರೂ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂತಾಗುತ್ತದೆ.

ಪ್ರಶ್ನೆ: ಕಾಳುಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಉದ್ದದ ಪೈಪು ಮೆಟ್ಟಿಲು ಸೇರುವಲ್ಲಿ ಬಿರುಕು ಬಿಟ್ಟಿದೆ. ಹೊಸ ಏಣಿ ದುಬಾರಿ. ಆರ್ಗಾನ್ ವೆಲ್ಡರ್ ತೋಟಕ್ಕೇ ಬಂದು ಮಾಡಿಕೊಡುತ್ತಾರಂತೆ. (ಸಕಲೇಶಪುರ)

ಉತ್ತರ: ದಯವಿಟ್ಟು ಮಾಡಿಸಬೇಡಿ. ಎಂಥ ನುರಿತ ವೆಲ್ಡರ್ ಬಂದರೂ ಇದು ಬೆಸೆಯುವ ವಸ್ತುವಲ್ಲ.

ಏಣಿಗೆ ಬಳಸುವ 6061, 6063 ಜಾತಿಯ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಕೊಟ್ಟ ಹದದಿಂದ. 500 ಡಿಗ್ರಿ ಮೀರಿ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 170 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಆ ಹದ ತರುತ್ತಾರೆ. ವೆಲ್ಡಿಂಗ್ ಕಾವು ತಾಕಿದಲ್ಲಿ ಅದು ಇಳಿದುಹೋಗುತ್ತದೆ. 6061ರಲ್ಲಿ ಬೆಸುಗೆಯ ಪಕ್ಕದ ಪಟ್ಟಿಯ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆ ಮೆತ್ತನೆಯ ಪಟ್ಟಿ ಎರಡೂ ಬದಿಗೆ ಸುಮಾರು 25 ಮಿ.ಮೀ. ಹರಡುತ್ತದೆ. ಬೆಸುಗೆ ಎಷ್ಟೇ ಅಂದವಾಗಿರಲಿ, ಮುಂದಿನ ಸಲ ಮುರಿಯುವುದು ಅದರ ಪಕ್ಕದಲ್ಲಿ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ನಡುಭಾಗದಲ್ಲಿ ಆಳು ನಿಂತಿರುವಾಗ ಅದೇ ಜಾಗಕ್ಕೆ ಗರಿಷ್ಠ ಬಾಗು ಬೀಳುತ್ತದೆ.

ಬಿರುಕು ತುದಿಯಲ್ಲಿದ್ದರೆ ಅದರಾಚೆಯ ಮೆಟ್ಟಿಲ ಹತ್ತಿರ ಕೊಯ್ದು, ಕಾಲಿಗೆ ಹೊಸ ರಬ್ಬರ್ ಬುಡ ಹಾಕಿ, ಗಿಡ್ಡ ಏಣಿಯಾಗಿ ಬಳಸಬಹುದು. ಮೆಟ್ಟಿಲು ಮಾತ್ರ ಸಡಿಲವಾಗಿದ್ದರೆ ತಯಾರಕರ ಮೆಟ್ಟಿಲು, ರಿವೆಟ್ ತರಿಸಿ ಕೂರಿಸಬಹುದು. ನಡುವೆ ಬಿರುಕಿದ್ದರೆ ಗುಜರಿಗೆ ಹಾಕುವ ಮುನ್ನ ಎರಡು ತುಂಡು ಮಾಡಿ, ಇನ್ನೊಬ್ಬರು ಎತ್ತಿಕೊಂಡು ಹತ್ತಬಾರದು. ಕೇಳದಿದ್ದರೂ ಇದೊಂದು ಹೇಳಬೇಕು: ತೋಟದೊಳಗೆ ವಿದ್ಯುತ್ ತಂತಿ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿಯನ್ನು ಒಯ್ಯಲೇಬೇಡಿ.

ಪ್ರಶ್ನೆ: ಪವರ್ ಟಿಲ್ಲರಿನ ಗೇರ್ ಕೇಸಿಂಗ್ ಕಲ್ಲು ತಾಗಿ ಸೀಳಿ ಎಣ್ಣೆ ಸೋರುತ್ತಿದೆ. ಒಮ್ಮೆ ಆರ್ಗಾನ್ ಹೊಡೆಸಿದೆವು, ಬೆಸುಗೆ ತುಂಬ ಗುಳ್ಳೆ, ವಾರದಲ್ಲೇ ಮತ್ತೆ ಸೋರಿತು. ಮರ ಕೊಯ್ಯುವ ಗರಗಸದ (ಚೈನ್ ಸಾ) ಕೇಸಿಂಗ್‌ಗೂ ಇದೇ ವೆಲ್ಡರ್‌ನನ್ನು ಕರೆಯಬಹುದೇ? (ಶಿರಸಿ)

ಉತ್ತರ: ಗುಳ್ಳೆಗೆ ಕಾರಣ ಹೈಡ್ರೋಜನ್. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಅನ್ನು ಧಾರಾಳವಾಗಿ ಹೀರುತ್ತದೆ, ಗಟ್ಟಿಯಾಗುವಾಗ ಇಟ್ಟುಕೊಳ್ಳಲಾರದೆ ಉಗುಳುತ್ತದೆ. ಹೊರಗೆ ಬರಲಾಗದ್ದು ಒಳಗೇ ಗುಳ್ಳೆಯಾಗಿ ಉಳಿಯುತ್ತದೆ. ಆ ಹೈಡ್ರೋಜನ್ ಬರುವುದು ಎಣ್ಣೆ, ಗ್ರೀಸ್, ನೀರಿನ ಪಸೆ ಇವುಗಳಿಂದ. ಎರಕದ ಕೇಸಿಂಗ್ ವರ್ಷಗಟ್ಟಲೆ ಎಣ್ಣೆಯಲ್ಲೇ ಇದ್ದದ್ದು, ಅದರ ಸಣ್ಣ ರಂಧ್ರಗಳಲ್ಲೂ ಬಿರುಕಿನ ಆಳದಲ್ಲೂ ಎಣ್ಣೆ ಇಳಿದಿರುತ್ತದೆ. ಮೇಲೆ ಒರೆಸಿದರೆ ಹೋಗದು.

ಸರಿಯಾದ ಕ್ರಮ ಹೀಗಿದೆ. ಕೇಸಿಂಗ್ ಬಿಚ್ಚಿ, ಬೇರಿಂಗ್ ಮತ್ತು ಆಯಿಲ್ ಸೀಲ್ ತೆಗೆಯಿರಿ. ಡಿಟರ್ಜೆಂಟ್ ಹಾಕಿದ ಬಿಸಿನೀರಲ್ಲಿ ತೊಳೆದು ಒಣಗಿಸಿ, ಅಸಿಟೋನ್‌ನಲ್ಲಿ ಒರೆಸಿ. ಬಿರುಕಿನ ಎರಡು ತುದಿಯಲ್ಲೂ 3 ಮಿ.ಮೀ. ತೂತು ಕೊರೆಯಬೇಕು, ಇಲ್ಲದಿದ್ದರೆ ಕಾವಿಗೆ ಬಿರುಕು ಮುಂದಕ್ಕೆ ಓಡುತ್ತದೆ. ಕಣ್ಣಿಗೆ ಕಾಣುವ ತುದಿ ನಿಜವಾದ ತುದಿಯಲ್ಲ, ಅದಕ್ಕೇ ಬಿರುಕಿಗಿಳಿದು ಅದರ ತುದಿ ತೋರಿಸುವ ಕೆಂಪು ಡೈ ಹಾಕಿ ನೋಡಿ ಕೊರೆಯುವುದು ಉತ್ತಮ. ನಂತರ ಬಿರುಕಿನುದ್ದಕ್ಕೂ ಕಾರ್ಬೈಡ್ ಬರ್‌ನಿಂದ (ತಿರುಗುವ ಗಟ್ಟಿ ಹಲ್ಲಿನ ಕಟರ್) 'ವಿ' ಆಕಾರದಲ್ಲಿ ತೋಡಬೇಕು. ಮಾಮೂಲಿ ಗ್ರೈಂಡಿಂಗ್ ಕಲ್ಲು ಅಲ್ಯೂಮಿನಿಯಂಗೆ ಕಟ್ಟಿಕೊಳ್ಳುತ್ತದೆ, ಅದರ ಪುಡಿ ಲೋಹದೊಳಗೆ ಹೂತು ಮತ್ತೆ ಗುಳ್ಳೆಗೇ ದಾರಿ. ಕೊನೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್, ಅದೂ ಅಲ್ಯೂಮಿನಿಯಂಗೆಂದೇ ಮೀಸಲಿಟ್ಟದ್ದು. ಮೊದಲು ಎಣ್ಣೆ ತೆಗೆದು ಆಮೇಲೆ ಬ್ರಷ್ ಹಾಕಬೇಕು. ತಲೆಕೆಳಗಾದರೆ ಬ್ರಷ್ಷೇ ಎಣ್ಣೆಯನ್ನು ಲೋಹಕ್ಕೆ ತಿಕ್ಕಿ ಕೂರಿಸುತ್ತದೆ.

ದಪ್ಪ ಎರಕವನ್ನು 100 ಡಿಗ್ರಿ ದಾಟಿಸಿ, 120ರ ಒಳಗೆ, ನಿಧಾನಕ್ಕೆ ಕಾಯಿಸಬೇಕು. ಗ್ಯಾಸ್ ಟಾರ್ಚಿನ ಜ್ವಾಲೆ ತಣ್ಣನೆಯ ಲೋಹಕ್ಕೆ ತಾಗಿದಾಗ ಮೇಲೆ ನೀರಿನ ಪಸೆ ಕೂರುತ್ತದೆ, ಅದು ಪೂರ್ತಿ ಆರುವ ತನಕ ಬಿಡಬಾರದು. ಫಿಲ್ಲರ್ ರಾಡ್ (ಕರಗಿಸಿ ಸಂದಿಗೆ ತುಂಬುವ ಕಡ್ಡಿ) 4043, ಅಂದರೆ 5 ಶೇಕಡಾ ಸಿಲಿಕಾನ್ ಇರುವುದು. ಸಿಲಿಕಾನ್ ಹೆಚ್ಚಿರುವ ಎರಕಕ್ಕೆ ಅದು ಹೊಂದುತ್ತದೆ, ಬಿರುಕು ಬಿಡುವುದು ಕಡಿಮೆ. ಮೊದಲ ಸಲ ಕರಗಿಸಿದಾಗ ಕಪ್ಪು ಕಸ ಮೇಲೇಳುವುದು ಖಂಡಿತ. ಒಳ್ಳೆಯ ವೆಲ್ಡರ್ ಅದನ್ನು ತೋಡಿ ಬಿಸಾಕಿ ಎರಡನೇ ಸಲ, ಬೇಕಿದ್ದರೆ ಮೂರನೇ ಸಲ ಮಾಡುತ್ತಾರೆ. ನಿಮ್ಮ ಹಿಂದಿನ ಕೆಲಸದಲ್ಲಿ ತಪ್ಪಿದ್ದು ಬಹುಶಃ ಇದೇ. ಹಳೆಯ ಬೆಸುಗೆಯ ಮೇಲೆ ಹೊಸದು ಹೊಯ್ಯಲು ಬಿಡಬೇಡಿ, ಪೂರ್ತಿ ತೆಗೆಸಿ.

ಬೇರಿಂಗ್ ಕೂರುವ ಜಾಗ ಅಥವಾ ಗ್ಯಾಸ್ಕೆಟ್ ಮುಖ ಬಿರುಕಿನ ಹತ್ತಿರವಿದ್ದರೆ ವೆಲ್ಡರ್ ನಿಮ್ಮಲ್ಲಿಗೆ ಬರುವುದಕ್ಕಿಂತ ಕೇಸಿಂಗನ್ನೇ ಲೇತ್ ಅಂಗಡಿ ಪಕ್ಕದ ವರ್ಕ್‌ಶಾಪಿಗೆ ಒಯ್ಯುವುದು ಮೇಲು. ಬೆಸೆದ ಮೇಲೆ ಮುಖ ಸೊಟ್ಟಗಾದರೆ ಅಲ್ಲೇ ಸರಿಪಡಿಸಬಹುದು. ಜೋಡಿಸುವ ಮುನ್ನ ಒಳಗೆ ಸೀಮೆಎಣ್ಣೆ, ಹೊರಗೆ ಸೀಮೆಸುಣ್ಣದ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ. ಸೋರುವುದಿದ್ದರೆ ಸುಣ್ಣ ಒದ್ದೆಯಾಗಿ ಹೇಳುತ್ತದೆ.

ಗರಗಸದ ವಿಚಾರ ಬೇರೆ. ಚೈನ್ ಸಾ ಕೇಸಿಂಗ್‌ಗಳಲ್ಲಿ ಹಲವು ಮೆಗ್ನೀಷಿಯಂ ಮಿಶ್ರಲೋಹದವು. ಅಲ್ಯೂಮಿನಿಯಂ ಎಂದುಕೊಂಡು ತೋಡಿದರೆ ಅದರ ಪುಡಿಗೆ ಬೆಂಕಿ ಹತ್ತಬಹುದು, ಆ ಬೆಂಕಿಗೆ ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಬಣ್ಣ ಕೆರೆದು ಹೊಳೆಯುವ ಲೋಹದ ಮೇಲೆ ಒಂದು ಹನಿ ವಿನೆಗರ್ ಬಿಡಿ. ಮೆಗ್ನೀಷಿಯಂ ಆದರೆ ಕೂಡಲೇ ನೊರೆಗುಟ್ಟುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ನೊರೆ ಬಂದರೆ ಮೊಬೈಲ್ ವೆಲ್ಡರ್‌ಗೆ ಕೊಡಬೇಡಿ, ಹೊಸ ಕೇಸಿಂಗ್ ಹಾಕಿಸಿ.

ಪ್ರಶ್ನೆ: ಲಾರಿಯ ಅಲ್ಯೂಮಿನಿಯಂ ಡೀಸೆಲ್ ಟ್ಯಾಂಕ್ ತಳದಲ್ಲಿ ಹನಿಯುತ್ತಿದೆ. ಡೀಸೆಲ್ ಖಾಲಿ ಮಾಡಿ, ಕಾಸ್ಟಿಕ್ ಸೋಡಾ ಹಾಕಿ ತೊಳೆದು ಹೆದ್ದಾರಿ ಪಕ್ಕದಲ್ಲೇ ವೆಲ್ಡ್ ಮಾಡಿಸಬಹುದೇ? (ಚಿತ್ರದುರ್ಗ)

ಉತ್ತರ: ಕಾಸ್ಟಿಕ್ ಸೋಡಾ ಮುಟ್ಟಲೇಬೇಡಿ. ಕಬ್ಬಿಣದ ಟ್ಯಾಂಕ್ ತೊಳೆಯುವ ಆ ರೂಢಿ ಅಲ್ಯೂಮಿನಿಯಂಗೆ ಬಂದರೆ ಜೀವಕ್ಕೆ ಅಪಾಯ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸುತ್ತಾ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ತೊಳೆದೆವೆಂದು ನೆಮ್ಮದಿಯಿಂದ ಆರ್ಕ್ ಹಚ್ಚುವ ಹೊತ್ತಿಗೆ ಟ್ಯಾಂಕಿನೊಳಗೆ ಸಿಡಿಯುವ ಮಿಶ್ರಣ ಸಿದ್ಧವಾಗಿರುತ್ತದೆ.

ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ. ಉರಿಯುವುದು ದ್ರವವಲ್ಲ, ಆವಿ. ಡೀಸೆಲ್ ತಣ್ಣಗಿದ್ದಾಗ ಆವಿ ಕಡಿಮೆ ಬಿಟ್ಟರೂ ವೆಲ್ಡಿಂಗ್ ಕಾವು ತಾಗಿದಾಗ ಒಳಗೋಡೆಯ ತೆಳು ಪದರವೇ ಆವಿಯಾಗಿಬಿಡುತ್ತದೆ. ಟ್ಯಾಂಕನ್ನು ಲಾರಿಯಿಂದ ಇಳಿಸಿ, ಮುಚ್ಚಳ, ಫ್ಲೋಟ್, ಡ್ರೇನ್ ಎಲ್ಲ ತೆಗೆದು, ಡಿಟರ್ಜೆಂಟ್ ಬಿಸಿನೀರಲ್ಲಿ ಹಲವು ಸಲ ತೊಳೆದು, ಹಬೆ ಹಾಯಿಸಿ, ಅಡ್ಡಗೋಡೆಗಳ ಸಂದಿಯೂ ಶುಚಿಯಾಗಿದೆ ಎಂದು ಗ್ಯಾಸ್ ಮೀಟರಿನಲ್ಲಿ ಪರೀಕ್ಷಿಸಿ, ಒಳಗೆ ಆರ್ಗಾನ್ ತುಂಬಿ, ಬಾಯಿ ತೆರೆದಿಟ್ಟೇ ಬೆಸೆಯುವ ವರ್ಕ್‌ಶಾಪ್ ಇದ್ದರೆ ಅಲ್ಲಿಗೆ ಕೊಡಿ. ರಸ್ತೆ ಬದಿಯಲ್ಲಿ ಇದಾವುದೂ ಆಗುವುದಿಲ್ಲ. ಊರು ತಲುಪುವ ಮಟ್ಟಿಗೆ ಡೀಸೆಲ್ ತಾಳುವ ಎಪಾಕ್ಸಿ ಪಟ್ಟಿ ಹಚ್ಚಿ. 'ನಾನು ಹೀಗೇ ಎಷ್ಟೋ ಟ್ಯಾಂಕ್ ಮಾಡಿದ್ದೇನೆ' ಎನ್ನುವವರಿಂದ ದೂರವಿರಿ.

ಪ್ರಶ್ನೆ: ಹೋಟೆಲಿನ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಕುಕ್ಕರ್ ಇವುಗಳ ತೂತು ಮುಚ್ಚಿಸಬಹುದೇ? (ಉಡುಪಿ)

ಉತ್ತರ: ಪಾತ್ರೆಗೆ ಆಗಬಹುದು. ಟಿಗ್‌ನಲ್ಲಿ, ಫ್ಲಕ್ಸ್ ಇಲ್ಲದೆ, ಒಳಬದಿ ನುಣುಪಾಗಿ ತೀಡಿಸಿ. ಸಂದಿ ಉಳಿದರೆ ಅನ್ನ, ಹಾಲು ಅಲ್ಲೇ ಕೂತು ಹಳಸುತ್ತದೆ. ತಳ ಪೂರ್ತಿ ಸವೆದು ತೆಳುವಾಗಿದ್ದರೆ ಒಂದು ತೂತು ಮುಚ್ಚುವಾಗ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಕುಕ್ಕರ್ ಖಂಡಿತ ಬೇಡ. ಒತ್ತಡದಲ್ಲಿ ನಿಲ್ಲಬೇಕಾದದ್ದನ್ನು ಬೆಸೆದು ಒಲೆಗೇರಿಸಬಾರದು.

ಪ್ರಶ್ನೆ: ಕಾರಿನ ಎ.ಸಿ. ಕಂಡೆನ್ಸರ್? (ಮೈಸೂರು)

ಉತ್ತರ: ಬದಲಿಸಿ. ಅದರ ಕೊಳವೆಗಳ ಗೋಡೆ ಬಹಳ ತೆಳು, ಕುಲುಮೆಯಲ್ಲಿ ಬ್ರೇಜಿಂಗ್ ಮಾಡಿ (ಮೂಲ ಲೋಹ ಕರಗಿಸದೆ, ನಡುವೆ ಬೇರೆ ಮಿಶ್ರಲೋಹ ಕರಗಿಸಿ) ಕೂಡಿಸಿದ್ದು. ಒಂದು ಕಡೆ ಆರ್ಕ್ ಹಚ್ಚಿದರೆ ಪಕ್ಕದ ಜೋಡಣೆ ಬಿಡುತ್ತದೆ. ಒಳಗೆ ಉಳಿದ ರೆಫ್ರಿಜರೆಂಟ್ ಆರ್ಕಿಗೆ ಸಿಕ್ಕಿದರೆ ವಿಷದ ಹೊಗೆಯಾಗುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ವೆಲ್ಡ್ ಮಾಡಿದಾಗಲೂ ಇದೇ ಗಂಡಾಂತರ. ಯಾವ ಕೆಲಸಕ್ಕಾಗಲಿ ಒರೆಸಲು ಅಸಿಟೋನ್ ಬಳಸಲಿ, ಅದು ಪೂರ್ತಿ ಆರಿದ ಮೇಲೆ, ಡಬ್ಬಿಯನ್ನು ದೂರ ಇಟ್ಟು ಆರ್ಕ್ ಹಚ್ಚಲಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಬಾಲ್ಕನಿಯ ಆನೊಡೈಸ್ಡ್ ಅಲ್ಯೂಮಿನಿಯಂ ರೇಲಿಂಗ್ ಅಡ್ಡಪಟ್ಟಿ ಬಿಟ್ಟುಕೊಂಡಿತ್ತು. ವೆಲ್ಡರ್ ಬಂದು ರಾಡ್ ಬಳಸದೆ ಎರಡು ಅಂಚನ್ನೇ ಕರಗಿಸಿ ಕೂಡಿಸಿದರು. ನಡುವೆ ಕೂದಲೆಳೆಯ ಬಿರುಕು ಬಂದಿದೆ, ಸುತ್ತ ಕಪ್ಪಾಗಿದೆ. ತಪ್ಪು ಯಾರದು? (ಬೆಂಗಳೂರು)

ಉತ್ತರ: ಬಿರುಕಿಗೆ ಕಾರಣ ರಾಡ್ ಬಳಸದೇ ಇದ್ದದ್ದು. 6000 ಸರಣಿಯ ಅಲ್ಯೂಮಿನಿಯಂ ತನ್ನಷ್ಟಕ್ಕೇ ಕರಗಿ ಗಟ್ಟಿಯಾಗುವಾಗ ನಡುವೆ ಸೀಳುತ್ತದೆ, ಅದು ಆ ಲೋಹದ ಗುಣ. 4043 ಅಥವಾ 5 ಶೇಕಡಾ ಮೆಗ್ನೀಷಿಯಂ ಇರುವ 5356 ರಾಡ್ ಸೇರಿಸಿದರೆ ಆ ಸೀಳು ತಪ್ಪುತ್ತದೆ. ಬೆಸುಗೆ ಮುಗಿಯುವ ಕೊನೆಯ ಬಿಂದುವಿನಲ್ಲಿ ಆರ್ಕನ್ನು ಥಟ್ಟನೆ ಎಳೆದುಬಿಟ್ಟರೂ ಅಲ್ಲಿನ ಗುಂಡಿಯಲ್ಲಿ ನಕ್ಷತ್ರದಂಥ ಬಿರುಕು ಬೀಳುತ್ತದೆ. ರಾಡ್ ತುಂಬುತ್ತಾ ಕರೆಂಟನ್ನು ಮೆಲ್ಲಗೆ ಇಳಿಸಿ ನಿಲ್ಲಿಸಬೇಕು.

ಆನೊಡೈಸಿಂಗ್ ಎಂದರೆ ಬೇಕೆಂದೇ ದಪ್ಪಗೆ ಬೆಳೆಸಿದ ಆಕ್ಸೈಡ್. ಅದರಲ್ಲಿ ಕರೆಂಟು ಹರಿಯದು. ಬೆಸೆಯುವ ಕಡೆ 25 ಮಿ.ಮೀ. ಅಗಲಕ್ಕೂ, ಅರ್ತ್ ಕ್ಲಾಂಪ್ ಹಿಡಿಯುವಲ್ಲೂ ಅದನ್ನು ಕೆರೆದು ತೆಗೆಯಬೇಕು. ತೆಗೆಯದಿದ್ದರೆ ಆರ್ಕ್ ಅಲೆದಾಡಿ ಕಪ್ಪಾಗುತ್ತದೆ. 5356 ಬಳಸಿದಾಗ ಬರುವ ತೆಳು ಮಸಿ ಬೇರೆ, ಅದು ಒದ್ದೆ ಬಟ್ಟೆಗೆ ಹೋಗುತ್ತದೆ. ಒರೆಸಿದರೂ ಹೋಗದೆ, ಬೆರಳಿಗೆ ಪುಡಿಪುಡಿಯಾಗಿ ತಾಗಿದರೆ ಗ್ಯಾಸ್ ಸರಿಯಾಗಿ ಆವರಿಸಿಲ್ಲ ಎಂದರ್ಥ.

ಈಗ ಆ ಬೆಸುಗೆಯನ್ನು ಪೂರ್ತಿ ತೆಗೆಸಿ 5356ರಲ್ಲಿ ಮತ್ತೆ ಮಾಡಿಸಿ. ಮುಂದೆ ಮತ್ತೆ ಆನೊಡೈಸ್ ಮಾಡಿಸುವುದಿದ್ದರೂ ಅದೇ ರಾಡ್ ಇರಲಿ, 4043 ಬೆಸುಗೆ ಆಗ ಕಡುಬೂದು ಗೆರೆಯಾಗಿ ಕಾಣುತ್ತದೆ. ಬಾಲ್ಕನಿಯ ರೇಲಿಂಗ್ ಜನ ಒರಗುವ ಜಾಗ, ಹಾಗಾಗಿ ಕಂಬದ ಬುಡ ಬಿಟ್ಟಿದ್ದರೆ ಬೆಸುಗೆಯನ್ನು ಮಾತ್ರ ನಂಬದೆ ಒಳಗೆ ಅಲ್ಯೂಮಿನಿಯಂ ಸ್ಲೀವ್ (ಒಳಗೆ ಬಿಗಿಯಾಗಿ ಕೂರುವ ಕೊಳವೆ ತುಂಡು) ಕೂರಿಸಿ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿ. ಕೆಲಸಕ್ಕೆ ಮುನ್ನ ಗಾಜಿನ ಬಾಗಿಲಿಗೆ ಹೊದಿಕೆ ಹಾಕಿ, ಕೆಳಮಹಡಿಯವರಿಗೆ ತಿಳಿಸಿ, ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕಾವಲಿರಿ.